ಒಂದೇ ಸಲ ಕೇಳುವ ಊರು

ಹೋದ ವಾರ ಇಲ್ಲಿ ಪುಣೆಯಲ್ಲಿ ನಮ್ಮ ಕಚೇರಿಯ ಗೋಡಬೋಲೆಯವರ ಕಿರಿಮಗನ ಮುಂಜಿಯ ಊಟಕ್ಕೆ ಹೋಗಿದ್ದೆ. ಸಕ್ಕರೆ ರೇಶನ್ ಕಾರ್ಡಿನ ಮೇಲೆ ಬರುವ ಈ ದಿನಗಳಲ್ಲಿ ಗೋಡಬೋಲೆ ಅದನ್ನು ಎಲ್ಲಿಂದ ಹೊಂದಿಸಿದ್ದರೋ ಏನೋ, ಜಿಲೇಬಿ ಮಾಡಿಸಿದ್ದರು. ಒಂದು ಸುತ್ತು ಆಗಿತ್ತು. ಬಡಿಸುವವನು ಎರಡನೆಯ ಸುತ್ತಿಗೆ ಪರಾತ ಹಿಡಿದು ಸಾಲಿನ ಆ ತುದಿಯಿಂದ ಬರುತ್ತಿದ್ದ. ನಾನು ಸಾರು ಕಲಸುತ್ತಿರುವಂತೆ ನಟಿಸುತ್ತ ಅವನ ಒಂದೊಂದು ಹೆಜ್ಜೆಯನ್ನೂ ಓರೆಗಣ್ಣಿನಿಂದ ಅಳೆಯುತ್ತಿದ್ದೆ. ಅವನು ನನ್ನ ಎಲೆಯ ಮುಂದೆ ಬಂದು ಬಗ್ಗಿದ. ಅಷ್ಟರಲ್ಲಿ ನನ್ನ ಕೈ, ನನ್ನನ್ನು ಒಂದು ಮಾತೂ ಕೇಳದೆ, ಹೋಗಿ ಎಲೆಯ ಮೇಲೆ ಅಡ್ಡ ಕುಳಿತುಬಿಟ್ಟಿತು. ಬಾಯಿ ತಾನಾಗಿ "ನಕೋ, ನಕೋ" ಎಂದಿತು, ಬೇಡ ಬೇಡ ಎಂದು. ಅವನು ನೆಟ್ಟಗಾಗಿ ಪಕ್ಕದ ಎಲೆಗೆ ಹೋದ. ಪಕ್ಕದ ಎಲೆಯವನು ಎರಡು ಹಾಕಿಸಿಕೊಂಡ. ಅದರಲ್ಲೊಂದು ನನ್ನದು ಎಂದು ಅವನಿಗೆ ಹೇಗೆ ಹೇಳುವುದು? ಎದುರಿನ ಹೆಂಗಸರ ಪಂಕ್ತಿಯಿಂದ ನಮ್ಮಾಕಿ ಇದನ್ನೆಲ್ಲ ನೋಡಿದಳು. ಆಕೆಯ ನಗು ಈ ವಾರವಾದರೂ ನಿಲ್ಲುತ್ತದೆಯೋ ಇಲ್ಲವೋ ತಿಳಿಯದು.

ನೀವು ಧಾರವಾಡ, ಬೆಳಗಾವಿ ಕಡೆಯವರಾದರೆ ನನ್ನ ಕೈ ಮಾಡಿದ ತಪ್ಪನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೇರೆ ಕಡೆಯವರಾದರೆ ಸ್ವಲ್ಪ ಕೇಳಿಕೊಳ್ಳಿ. ನಮ್ಮಲ್ಲಿ ಮೊದಲನೆಯ ಸಲ ಹೇಳುವ ಬೇಡ ಎಂಬುದು ಬೇಡವೇ ಅಲ್ಲ, ಅದು ನಮಸ್ಕಾರ ಇದ್ದಂತೆ. ಎರಡನೆಯ ಸಲದ ಬೇಡ, ಮನೆಯವರು ನಿಜವಾಗಿ ಕೊಡುವವರೋ ಸುಮ್ಮನೆ ಬಾಯಿಮಾತಿಗೆ ಕೇಳಿದವರೋ ಎಂದು ನೋಡುವುದಕ್ಕೆ. ಮೂರನೆಯ ಸಲ ಕೇಳಿದಾಗ "ಇಷ್ಟು ಹೇಳ್ತೀರಿ ಅಂದ ಮ್ಯಾಲೆ, ಸ್ವಲ್ಪ ಹಾಕ್ರಿ" ಎಂದು, ಅವರಿಗೇ ಉಪಕಾರ ಮಾಡಿದ ಮುಖ ಮಾಡಿಕೊಂಡು ಹಾಕಿಸಿಕೊಳ್ಳಬೇಕು. ಸ್ವಲ್ಪ ಎಂದರೆ ತುಂಬ ಎಂದು ಬಡಿಸುವವರಿಗೆ ಗೊತ್ತಿರುತ್ತದೆ. ಈ ಕ್ರಮದಲ್ಲಿ ನಿಜವಾಗಿಯೂ ಬೇಡವಾದವನ ಪಾಡು ಮಾತ್ರ ಕಷ್ಟ. ನನ್ನ ಸೋದರಮಾವನೊಬ್ಬ ಒಂದು ಮದುವೆಯಲ್ಲಿ ಹೊಟ್ಟೆನೋವು ಬಂದು ಹೋಳಿಗೆ ಬೇಡವೆಂದ. ಹೇಳಿ ಹೇಳಿ ಸೋತು ಕಡೆಗೆ ಎಲೆ ಬಿಟ್ಟು ಎದ್ದ. ಆಗ ಬೀಗರು, ಇವನಿಗೆ ಏನೋ ಸಿಟ್ಟು ಬಂದಿದೆ ಎಂದುಕೊಂಡು, ಕಾಲು ಹಿಡಿದು ಕೂಡಿಸಿ ಬಡಿಸಿದರು.

ಈ ವಿದ್ಯೆಯನ್ನು ನಮಗೆ ಚಿಕ್ಕಂದಿನಲ್ಲೇ ಚಿವುಟಿ ಕಲಿಸುತ್ತಿದ್ದರು. ಯಾರದಾದರೂ ಮನೆಗೆ ಹೊರಟೆವೆಂದರೆ ಅವ್ವ ಹೊಸ್ತಿಲಲ್ಲಿ ನಿಲ್ಲಿಸಿ, ಕೊಟ್ಟ ಕೂಡಲೇ ಕೈಚಾಚಿದರೆ ನೋಡು ಎಂದು ತೋಳಿಗೆ ಒಂದು ಗುರುತು ಮಾಡಿಯೇ ಕಳಿಸುತ್ತಿದ್ದಳು. ಆಗ ನನಗೆ ಏಳು ವರ್ಷ ಇರಬೇಕು. ಮೊಸರಿಗೆ ಹೆಪ್ಪು ತರಲು ಪಕ್ಕದ ಅಂಬಕ್ಕನ ಮನೆಗೆ ಹೋದೆ. ಅಂಬಕ್ಕ ಆಗತಾನೆ ಬೇಸನ್ ಉಂಡಿ ಕಟ್ಟುತ್ತಿದ್ದಳು. ತಗೋ ಅಂದಳು, ಬ್ಯಾಡ ಅಂದೆ. ಬಿಸಿ ಅದ ತಗೋ ಅಂದಳು, ಬ್ಯಾಡ ಅಂದೆ. ಮೂರನೆಯದಕ್ಕೆ ಬಾಯಿ ಸಿದ್ಧ ಮಾಡಿಕೊಂಡು ನಿಂತಿದ್ದೆ, ಅಷ್ಟರಲ್ಲಿ ಹಿತ್ತಲಲ್ಲಿ ಎಮ್ಮೆ ಹಗ್ಗ ಹರಿದುಕೊಂಡಿತು. ಅಂಬಕ್ಕ ಓಡಿದಳು. ನಾನು ಪಡಸಾಲೆಯಲ್ಲಿ ಹೆಪ್ಪಿನ ಬಟ್ಟಲು ಹಿಡಿದು ಕಾಯುತ್ತ ಕೂತೆ. ಎಷ್ಟೋ ಹೊತ್ತಿನ ಮೇಲೆ ಆಕೆ ಎಮ್ಮೆಯನ್ನು ಬೈಯುತ್ತ ಒಳಗೆ ಬಂದು, ಇನ್ನೂ ಇಲ್ಲೇ ಕೂತೀಯಲ್ಲೋ, ಮನಿಗೆ ಹೋಗು ಎಂದಳು. ಉಂಡಿಯ ಸುದ್ದಿಯೇ ಇಲ್ಲ. ಅಂಥ ಉಂಡಿಯನ್ನು ನಾನು ಆಮೇಲೆ ಎಷ್ಟೋ ತಿಂದಿದ್ದೇನೆ, ಯಾವುದೂ ಆ ತಿನ್ನದ ಉಂಡಿಯಷ್ಟು ರುಚಿಯಾಗಿರಲಿಲ್ಲ.

ಇಷ್ಟು ಪಕ್ಕಾ ತಯಾರಾದ ಮನುಷ್ಯ ನೌಕರಿಗೆಂದು ಪುಣೆಗೆ ಬಂದೆ. ಸರಕಾರಿ ಕಚೇರಿಯಲ್ಲಿ ನಕಲು ಬರೆಯುವ ಕಾರಕೂನ. ಪುಣೆಯೇನು ಪರದೇಶವೇ ಎಂದು ನೀವು ಕೇಳಬಹುದು. ಅದೇ ಮುಂಬಯಿ ಇಲಾಖೆ, ಅದೇ ರಾಜಾಛಾಪದ ರೂಪಾಯಿ, ಒಂದೇ ಗಾಡಿಯಲ್ಲಿ ಸಂಜೆ ಧಾರವಾಡದಲ್ಲಿ ಹತ್ತಿದರೆ ಬೆಳಿಗ್ಗೆ ಪುಣೆಯಲ್ಲಿ ಇಳಿಯಬಹುದು. ಆದರೆ ಅವ್ವ ಕಟ್ಟಿಕೊಟ್ಟ ಬುತ್ತಿಯನ್ನು ನೋಡಿದ್ದರೆ ನಾನು ಕಾಶಿಗೆ ನಡೆದುಕೊಂಡು ಹೊರಟಿದ್ದೇನೆ ಎನ್ನುತ್ತಿದ್ದಿರಿ. ಹಾಲಿನಲ್ಲಿ ಕಲಸಿದ ದಶಮಿ ರೊಟ್ಟಿ, ಏಕೆಂದರೆ ನೀರಲ್ಲಿ ಕಲಸಿದ್ದಾದರೆ ಮುಸುರೆ, ಗಾಡಿಯಲ್ಲಿ ಕಂಡಕಂಡವರ ನಡುವೆ ಕೂತು ತಿನ್ನಲು ಬಾರದು. ಕಡಕ್ ರೊಟ್ಟಿಯ ಒಂದು ಅಟ್ಟಿ, ಶೇಂಗಾ ಚಟ್ನಿಪುಡಿ, ಮೆಂತೇದ ಹಿಟ್ಟು, ಮತ್ತು ಕೆಂಪು ಮೆಣಸಿನಕಾಯಿ ರುಬ್ಬಿದ ರಂಜಕದ ಭರಣಿ. ಬುತ್ತಿ ಒಬ್ಬನಿಗೆಂದು ಕಟ್ಟುವುದು ನಮ್ಮಲ್ಲಿ ಅಪಮಾನ, ಡಬ್ಬಿಯಲ್ಲಿ ಕೂತವರಿಗೆಲ್ಲ ಆಗಬೇಕು.

ಬೆಳಗಾವಿ ದಾಟುವವರೆಗೆ ಎಲ್ಲ ಸರಿಯಾಗಿಯೇ ನಡೆಯಿತು. ಎದುರಿನವರು ತಮ್ಮ ಗಂಟು ಬಿಚ್ಚಿ ನನ್ನನ್ನು ಕೇಳಿದರು, ನಾನು ಬೇಡವೆಂದೆ. ನಾನು ನನ್ನದನ್ನು ಬಿಚ್ಚಿ ಅವರನ್ನು ಕೇಳಿದೆ, ಅವರು ಬೇಡವೆಂದರು. ಹೀಗೆ ಎರಡೂ ಕಡೆಯಿಂದ ಮೂರು ಮೂರು ಸಲ ಆಗಿ, ನಾನು ಅವರ ಬುತ್ತಿಯನ್ನೂ ಅವರು ನನ್ನ ಬುತ್ತಿಯನ್ನೂ ತಿಂದು ಕೈತೊಳೆದೆವು. ಮಿರಜಿನಲ್ಲಿ ಅವರು ಇಳಿದು ಹೋದರು. ಆ ಜಾಗಕ್ಕೆ ಕರಿ ಟೊಪ್ಪಿಗೆಯ ಪುಣೆಯ ಗೃಹಸ್ಥರೊಬ್ಬರು ಬಂದರು. ಬೆಳಗಾಗುವ ಹೊತ್ತಿಗೆ ಚಿವಡೆಯ ಪೊಟ್ಟಣ ತೆಗೆದು ಬಹಳ ಸೌಜನ್ಯದಿಂದ "ಘೇಣಾರ ಕಾ?" ಎಂದು ಕೇಳಿದರು. ಬೇಕೇ ಎಂದು. ನಾನೂ ಅಷ್ಟೇ ಸೌಜನ್ಯದಿಂದ ಬೇಡವೆಂದೆ. ಅವರು "ಬರಂ" ಎಂದರು. ಸರಿ ಎಂದು. ಆಮೇಲೆ ನಾನು ನೋಡನೋಡುತ್ತಿದ್ದ ಹಾಗೆಯೇ ಕಡೆಯ ಗೋಡಂಬಿಯವರೆಗೂ ತಿಂದು, ಪೊಟ್ಟಣದ ಕಾಗದವನ್ನು ನೀಟಾಗಿ ಮಡಚಿ ಜೇಬಿಗಿಟ್ಟುಕೊಂಡರು. ನಕಾಶೆಯಲ್ಲಿ ಎಲ್ಲಿಯೂ ಕಾಣದ ಗಡಿಯನ್ನು ನಾನು ಆಗ ದಾಟಿದ್ದೆ.

ಪುಣೆಯವರು ಜಿಪುಣರು ಎಂದು ನಾನು ಹೇಳುತ್ತಿಲ್ಲ. ಹೇಳುವವರು ಇದ್ದಾರೆ, ನಾನೂ ಮೊದಲ ಆರು ತಿಂಗಳು ಹಾಗೆಯೇ ಹೇಳಿಕೊಂಡು ತಿರುಗಿದೆ. ಅವರ ಲೆಕ್ಕ ಸರಳವಾದದ್ದು. ಮಾತಾಡಲು ಬರುವ ಮನುಷ್ಯ ಬೇಕಾದರೆ ಬೇಕೆನ್ನುತ್ತಾನೆ, ಬೇಡವಾದರೆ ಬೇಡವೆನ್ನುತ್ತಾನೆ, ಬೇಡವೆಂದವನನ್ನು ಮತ್ತೆ ಕೇಳಿದರೆ ಅವನ ಮಾತಿಗೆ ಮರ್ಯಾದೆ ಕೊಡದಂತೆ. ಕಚೇರಿಯಲ್ಲಿ ದಿನವೂ ಚಹಾ ಬರುತ್ತಿತ್ತು. ಗೋಡಬೋಲೆ ದಿನವೂ ಒಂದು ಸಲ ಕೇಳುತ್ತಿದ್ದರು. ನಾನು ದಿನವೂ ಒಂದು ಸಲ ಬೇಡವೆಂದು ಹೇಳಿ, ಮಿಕ್ಕ ಎರಡು ಸಲಕ್ಕಾಗಿ ಲೆಕ್ಕಣಿಕೆ ಕೆಳಗಿಟ್ಟು ಕಾಯುತ್ತಿದ್ದೆ. ಕೆಲವು ದಿನಗಳ ಮೇಲೆ ಅವರು ಕೇಳುವುದನ್ನೇ ಬಿಟ್ಟರು. ಧಾರವಾಡದ ಹೊಸ ಕಾರಕೂನ ದೊಡ್ಡ ನೇಮಸ್ಥ, ಹೊರಗೆ ಏನನ್ನೂ ಮುಟ್ಟುವುದಿಲ್ಲ ಎಂಬ ಸುದ್ದಿ ಹಬ್ಬಿತು. ಹೆಡ್ ಕ್ಲಾರ್ಕರು ಒಮ್ಮೆ ಹತ್ತಿರ ಕರೆದು, ಈ ವಯಸ್ಸಿನಲ್ಲೇ ಇಷ್ಟು ನಿಗ್ರಹವೇ ಎಂದು ಬೆನ್ನು ತಟ್ಟಿದರು. ಅವರ ಮೇಜಿನ ಮೇಲೆ ಆಗ ಬಿಸಿ ಕಾಂದಾಭಜಿ, ನಮ್ಮ ಉಳ್ಳಾಗಡ್ಡಿ ಭಜಿ, ಇತ್ತು. ಮೊದಲ ರಜೆಗೆ ಊರಿಗೆ ಹೋದಾಗ ಅವ್ವ ನನ್ನ ಕೊರಳ ಎಲುಬು ನೋಡಿ, ಪುಣೆಯ ನೀರು ಕೆಟ್ಟದ್ದೆಂದು ತೀರ್ಮಾನಿಸಿದಳು.

ರಜೆ ಎಂದೊಡನೆ ನೆನಪಾಯಿತು. ಹೋಗುವಾಗ ಬರುವಾಗ ನಾನು ಹೊತ್ತು ಸಾಗಿಸಿದ ತಿಂಡಿಗಳನ್ನು ಒಟ್ಟು ಮಾಡಿದರೆ ಒಂದು ಗೂಡ್ಸ್ ಡಬ್ಬಿ ತುಂಬೀತು. ಇಲ್ಲಿಂದ ಆಲೇಪಾಕ, ಶ್ರೀಖಂಡದ ವಡಿ. ಅವ್ವ ಅವನ್ನು ಓಣಿಯಲ್ಲೆಲ್ಲ ಹಂಚಿ, ಜನ ಏನೆಂದರು ಎಂಬುದನ್ನು ನನಗೆ ಕಾಗದದಲ್ಲಿ ತಿಳಿಸುತ್ತಿದ್ದಳು. ಓಣಿಯ ಅಭಿಪ್ರಾಯ ಯಾವಾಗಲೂ ಒಂದೇ: ಭಾಳ ಸಿಹಿ. ಅಲ್ಲಿಂದ ತಂದದ್ದರ ಬಗ್ಗೆ ಇಲ್ಲಿನ ಅಭಿಪ್ರಾಯವೂ ಒಂದೇ ಇರುತ್ತಿತ್ತು. ಗೋಡಬೋಲೆ ಒಮ್ಮೆ ರಂಜಕವನ್ನು ಸಿಹಿ ಮುರಂಬ ಎಂದು ತಿಳಿದು ಒಂದು ಚಮಚ ಬಾಯಿಗಿಟ್ಟುಕೊಂಡರು. ಬಣ್ಣ ನೋಡಿ ಮೋಸ ಹೋದರು, ಪಾಪ. ಮಾತು ಬಂದ ಮೇಲೆ ಅವರು ಕೇಳಿದ ಮೊದಲ ಪ್ರಶ್ನೆ, ಇದನ್ನು ನಿಮ್ಮೂರಲ್ಲಿ ಊಟಕ್ಕೇ ಬಳಸುತ್ತೀರೋ ಅಥವಾ ಬೇರೆ ಯಾವುದಕ್ಕಾದರೂ ಬಳಸುತ್ತೀರೋ ಎಂದು.

ಹಸಿವು, ಚಹಾ, ಚಿವಡೆ ಇವೆಲ್ಲ ಹೋಗಲಿ ಬಿಡಿ, ಇದ್ದರೂ ನಡೆಯುತ್ತದೆ, ಇಲ್ಲದಿದ್ದರೂ ನಡೆಯುತ್ತದೆ. ನನ್ನ ಒಂದು ಬೇಡ ನನ್ನ ಸಂಸಾರದ ಬುಡಕ್ಕೇ ಬಂತಲ್ಲ, ಅದನ್ನು ಹೇಳುತ್ತೇನೆ.

ಆಗ ನನ್ನ ಮದುವೆಯಾಗಿ ಒಂದೂವರೆ ವರ್ಷವಾಗಿತ್ತು. ಹೆಂಡತಿ ಧಾರವಾಡದಲ್ಲಿ ತಂದೆಯ ಮನೆಯಲ್ಲಿದ್ದಳು, ನಾನು ಇಲ್ಲಿ ಶನಿವಾರ ಪೇಟೆಯಲ್ಲಿ ಮೂವರ ಜತೆ ಒಂದು ಖೋಲಿಯಲ್ಲಿ, ಎಂದರೆ ಒಂದೇ ಕೋಣೆಯಲ್ಲಿ, ಇದ್ದೆ. ಅಡಿಗೆಮನೆ ಇರುವ ಜಾಗ ಸಿಗದೆ ಆಕೆಯನ್ನು ಕರೆತರುವಂತಿರಲಿಲ್ಲ. ಆಕೆ ಬರೆಯುತ್ತಿದ್ದದ್ದು ಕಾರ್ಡು. ಕಾರ್ಡನ್ನು ಮನೆಯವರೆಲ್ಲ ಓದಿ, ಪೋಸ್ಟಿನವನೂ ಓದಿ, ಆಮೇಲೆ ನಾನು ಓದಬೇಕು. ಹಾಗಾಗಿ ಮಳೆ, ನೆಗಡಿ, ಯಾರದೋ ಬಾಣಂತನ, ಇಂಥ ಸುದ್ದಿಗಳೇ ತುಂಬಿರುತ್ತಿದ್ದವು. ಕಡೆಯ ಸಾಲು ಮಾತ್ರ ಪ್ರತಿ ಸಲ ಒಂದೇ: "ಮನಿ ನೋಡಿದ್ರೇನು?" ಅಷ್ಟು ಜನರ ಕಣ್ಣು ದಾಟಿ ಬಂದ ಆ ಎರಡು ಶಬ್ದ ಓದಿದಾಗಲೆಲ್ಲ ನನಗೆ ಅಂದು ಊಟ ಸೇರುತ್ತಿರಲಿಲ್ಲ. ಈಗ ನಕ್ಕರೂ ಆಗ ನನಗೆ ಆಕೆಯಿಲ್ಲದೆ ಬಹಳ ಬೇಸರವಾಗುತ್ತಿತ್ತು, ಅದನ್ನು ಒಪ್ಪಿಕೊಳ್ಳಲು ಈ ವಯಸ್ಸಿನಲ್ಲಿ ನಾಚಿಕೆಯೇನು.

ಶ್ರಾವಣದ ಮೊದಲ ವಾರ ಗೋಡಬೋಲೆ ಒಳ್ಳೆಯ ಸುದ್ದಿ ತಂದರು. ಸದಾಶಿವ ಪೇಟೆಯ ಒಂದು ವಾಡೆಯಲ್ಲಿ ಎರಡು ಖೋಲಿ ಖಾಲಿಯಾಗಿವೆ, ಅಲ್ಲಿದ್ದ ರೈಲ್ವೆಯವರಿಗೆ ದೌಂಡಕ್ಕೆ ವರ್ಗವಾಗಿದೆ ಎಂದರು. ವಾಡೆಯ ಒಡತಿ ಯಮುನಾಕಾಕೂ. ಅರವತ್ತರ ವಿಧವೆ. ಮೂವತ್ತು ವರ್ಷದಿಂದ ಒಬ್ಬರೇ ಆ ವಾಡೆಯನ್ನೂ ಅದರ ಏಳು ಬಿಡಾರಗಳನ್ನೂ ಅಂಗಳದ ನೀರಿನ ಹೌದನ್ನೂ ಆಳಿದವರು. ಮಾತು ಅಳೆದು ಆಡುತ್ತಿದ್ದರು. ಅವರು ನನ್ನನ್ನು ಮಾಳಿಗೆಗೆ ಕರೆದೊಯ್ದು ಖೋಲಿಗಳನ್ನು ತೋರಿಸಿದರು. ಗಾಳಿ, ಬೆಳಕು, ಒಲೆಯ ಕಟ್ಟೆ, ದೇವರ ಗೂಡು, ಎಲ್ಲ ಇತ್ತು. ಒಲೆಯ ಮುಂದೆ ಹೆಂಡತಿ ಕೂತಂತೆ ನನಗೆ ಕಂಡೇಬಿಟ್ಟಿತು. ಕಾಕೂ ಬೀಗದ ಕೈ ಹಿಡಿದುಕೊಂಡು, ಬೇಕೇ ಎಂದು ಕೇಳಿದರು.

ನಾನು ಏನು ಹೇಳಿದೆ ಗೊತ್ತೇ? ಛೇ, ನಿಮಗೆ ಯಾಕೆ ಸುಮ್ಮನೆ ತೊಂದರೆ, ಬೇಡ ಬಿಡಿ ಎಂದೆ.

ಕಾಕೂ "ಬರಂ" ಎಂದು ಬೀಗ ಹಾಕಿದರು. ನಾನು ಮೆಟ್ಟಿಲನ್ನು ಎರಡೆರಡಾಗಿ ಹಾರುತ್ತ ಇಳಿದೆ. ಒಂದು ಸಲ ಆಯಿತು, ಇನ್ನೆರಡು ಉಳಿದವು. ಅಂದೇ ಮಾವನವರಿಗೆ ಪತ್ರ ಬರೆದೆ, ಮನೆ ಗೊತ್ತಾಗಿದೆ, ಒಳ್ಳೆಯ ದಿನ ನೋಡಿ ಮಗಳನ್ನು ಕರೆದುಕೊಂಡು ಬರಬೇಕು ಎಂದು. ಮಾವನವರು ನಿವೃತ್ತ ಹೆಡ್ ಮಾಸ್ತರರು, ಹೇಳಿದ್ದನ್ನು ನಂಬುವ ಜನ.

ಎರಡನೆಯ ಸಲ ಕೇಳಲು ಕಾಕೂಗೆ ಒಂದು ಅನುಕೂಲ ಮಾಡಿಕೊಡೋಣವೆಂದು ನಾಲ್ಕು ದಿನ ಬಿಟ್ಟು ಮತ್ತೆ ಹೋದೆ. ಬರಿಗೈಯಲ್ಲಿ ಹೇಗೆ ಹೋಗುವುದು, ಅವ್ವ ಯಾರದೋ ಕೈಯಲ್ಲಿ ಕಳಿಸಿದ್ದ ಶೇಂಗಾ ಹೋಳಿಗೆಯ ಕಟ್ಟು ಒಯ್ದೆ. ಕಾಕೂ ನೋಡಿ ಬೇಡವೆಂದರು. ನನಗೆ ಖುಷಿಯಾಯಿತು, ಈಕೆಗೂ ಕ್ರಮ ಗೊತ್ತಿದೆ ಎಂದುಕೊಂಡೆ. ಎರಡನೆಯ ಸಲ ಹೇಳಿದೆ. ಈ ಸಲ ಬೇಡವೆಂದ ದನಿ ಸ್ವಲ್ಪ ಏರಿತ್ತು. ಮೂರನೆಯ ಸಲಕ್ಕೆ ಬಾಯಿಂದ ಕೇಳದೆ, ನಮ್ಮಲ್ಲಿ ಆಪ್ತರಿಗೆ ಮಾಡುವಂತೆ, ಕಟ್ಟನ್ನು ಹೊಸ್ತಿಲ ಒಳಗಿಟ್ಟು ಓಡಿಬಂದೆ. ಮನೆಯ ಮಾತು ಆ ಗಡಿಬಿಡಿಯಲ್ಲಿ ಬರಲೇ ಇಲ್ಲ.

ಮರುದಿನ ಕಚೇರಿಯಲ್ಲಿ ಗೋಡಬೋಲೆ ಆ ಕಟ್ಟನ್ನು, ಹಾಕಿದ ಗಂಟು ಹಾಕಿದಂತೆಯೇ, ನನ್ನ ಮೇಜಿನ ಮೇಲೆ ಇಟ್ಟರು. ಕಾಕೂ ಚಾತುರ್ಮಾಸದಲ್ಲಿ ಬೆಲ್ಲ ಬಿಟ್ಟಿದ್ದಾರಂತೆ. ಒಂದು ಸಲ ಹೇಳಿದರೆ ತಿಳಿಯದವನು ಕಚೇರಿಯಲ್ಲಿ ಹೇಗೆ ಕೆಲಸ ಮಾಡುತ್ತಾನೆ ಎಂದು ಕೇಳಿದರಂತೆ. ನಾನು ಅದನ್ನು ಬಿಟ್ಟು, ಖೋಲಿಯ ವಿಷಯ ಏನಾದರೂ ಕೇಳಿದರೇ ಎಂದೆ. ಗೋಡಬೋಲೆ ನನ್ನನ್ನು ವಿಚಿತ್ರವಾಗಿ ನೋಡಿದರು. ನೀವು ಬೇಡವೆಂದಿರಲ್ಲ, ಅದನ್ನು ಒಬ್ಬ ಶಾಲಾ ಮಾಸ್ತರರಿಗೆ ಕೊಡುವುದಾಗಿ ಕಾಕೂ ಮಾತು ಕೊಟ್ಟಾಯಿತು, ಸೋಮವಾರ ಮಾಸ್ತರರು ಬರುತ್ತಾರೆ ಎಂದರು. ನನ್ನ ಜೇಬಿನಲ್ಲಿ ಆಗ ಮಾವನವರ ಕಾರ್ಡು ಇತ್ತು. ಶುಕ್ರವಾರದ ಬೆಳಗಿನ ಗಾಡಿಗೆ ತಂದೆ ಮಗಳು ಇಬ್ಬರೂ ಬರುವವರಿದ್ದರು.

ಅಂದು ಬುಧವಾರ. ಎರಡು ದಿನ ಪೇಟೆ ಪೇಟೆ ತಿರುಗಿದೆ. ಜಾಗ ಸಿಗಲಿಲ್ಲ. ಕಾಕೂ ಬಳಿ ಹೋಗಿ ನೆಟ್ಟಗೆ "ಮಲಾ ಖೋಲೀ ಹವೀ" ಎಂದುಬಿಡಬೇಕೆಂದು ನಡೆಯುತ್ತ ಬಾಯಿಪಾಠ ಮಾಡಿದೆ. ನನಗೆ ಖೋಲಿ ಬೇಕು, ಮೂರೇ ಶಬ್ದ. ವಾಡೆಯ ಬಾಗಿಲವರೆಗೆ ಎರಡು ಸಲ ಹೋದೆ, ಎರಡು ಸಲವೂ ಹಾಗೆಯೇ ಹಿಂದಕ್ಕೆ ಬಂದೆ. ಬೇಕು ಎಂದು ಕೇಳಿ ಪಡೆಯುವುದು ಭಿಕ್ಷುಕರ ಕೆಲಸ ಎಂದು ರಕ್ತದಲ್ಲಿ ಕೂತವನಿಗೆ ಅದು ಸುಲಭವಲ್ಲ.

ಶುಕ್ರವಾರ ಸ್ಟೇಶನ್ನಿಗೆ ಹೋದೆ. ಮಾವನವರು ರುಮಾಲು, ಉದ್ದ ಕೋಟಿನಲ್ಲಿ ಇಳಿದರು. ಹಿಂದೆ ಆಕೆ. ಅವರ ಹಿಂದೆ ಟ್ರಂಕು, ಹಾಸಿಗೆ ಸುರುಳಿ, ಬೀಸುವ ಕಲ್ಲು ಮತ್ತು ಬುತ್ತಿಯ ಮೂರು ಗಂಟು. ಮನೆ ದೂರವೇ ಎಂದು ಮಾವನವರು ಕೇಳಿದರು. ಹತ್ತಿರವೇ ಎಂದೆ. ಇಲ್ಲದ ಮನೆ ಎಷ್ಟು ದೂರವಾದೀತು? ಟಾಂಗಾದವನಿಗೆ ಬೇರೆ ಯಾವ ಹೆಸರೂ ಬಾಯಿಗೆ ಬರದೆ ಸದಾಶಿವ ಪೇಟೆ ಎಂದುಬಿಟ್ಟೆ.

ಕಾಕೂ ವಾಡೆಯ ಕಟ್ಟೆಯ ಮೇಲೆ ಕೂತು ಹೂಬತ್ತಿ ಹೊಸೆಯುತ್ತಿದ್ದರು. ಟ್ರಂಕು, ಬೀಸುವ ಕಲ್ಲು ಇಳಿಯುವುದನ್ನು ನೋಡಿದರು, ನನ್ನನ್ನು ನೋಡಿದರು. ದೂರದಿಂದ ಬಂದ ಹಿರಿಯರೆಂದು ಮಾವನವರಿಗೆ ಚಹಾ ಬೇಕೇ ಎಂದು ಕೇಳಿದರು. ಇಡೀ ರಾತ್ರಿ ಗಾಡಿಯಲ್ಲಿ ಕೂತು ಬಂದ ಮಾವನವರು ಗಂಭೀರವಾಗಿ ಬೇಡವೆಂದರು. ಕಾಕೂ ತಲೆಯಾಡಿಸಿ ಬತ್ತಿಗೆ ಕೈಹಾಕಿದರು. ಮಾವನವರು ಕಾದರು. ನಾನು ನೆಲ ನೋಡಿದೆ. ಈಗ ಹೇಳಲೇಬೇಕು ಎಂದು ಬಾಯಿ ತೆರೆದೆ, ಗಾಳಿ ಮಾತ್ರ ಹೊರಬಂತು.

ಆಗ ಆಕೆ ನನ್ನ ಮುಖ ನೋಡಿದಳು. ಏನೋ ಅನಾಹುತವಾಗಿದೆ ಎಂದು ಆಕೆಗೆ ಅಷ್ಟರಲ್ಲೇ ತಿಳಿದುಹೋಯಿತು. ಆಕೆಯ ತಾಯಿ ಮಿರಜ ಕಡೆಯವರು, ಹಾಗಾಗಿ ಮುರುಕು ಮರಾಠಿ ಬರುತ್ತಿತ್ತು. ಕಾಕೂ ಮುಂದೆ ಕೂತು ಮೆಲ್ಲಗೆ ಕೇಳಿದಳು, ಮನೆ ಇಲ್ಲವೇ ಎಂದು. ಇವರು ಬೇಡವೆಂದರು, ಬೇರೆಯವರಿಗೆ ಕೊಟ್ಟೆ ಎಂದರು ಕಾಕೂ. ಆಕೆ ಅರ್ಧ ಕನ್ನಡ ಅರ್ಧ ಮರಾಠಿಯಲ್ಲಿ ಹೇಳಿದಳು:

"ಕಾಕೂ, ನಮ್ಮ ಮಂದಿ ಮೂರು ಸಲ ಕೇಳೂತನಾ ಬೇಕು ಅನ್ನೂದಿಲ್ರಿ. ಮೊದಲನೇ ಸಲ ಹೂಂ ಅಂದ್ರ ಮರ್ಯಾದಿ ಹೋಗ್ತದ ಅಂತಾರ. ಅವರಿಗೆ ಮನಿ ಬೇಕಾಗಿತ್ತು. ನಮ್ಮಪ್ಪಗ ಚಹಾನೂ ಬೇಕಾಗ್ಯದ."

ಮಾವನವರ ಮುಖ ಕೆಂಪಗಾಯಿತು. ಕಾಕೂ ಬತ್ತಿ ಹೊಸೆಯುವುದನ್ನು ನಿಲ್ಲಿಸಿದರು. ಹಾಗಾದರೆ ಆ ಹೋಳಿಗೆ, ಎಂದು ನನ್ನತ್ತ ತಿರುಗಿದರು. ನೀವು ಬೇಡ ಅಂದದ್ದನ್ನು ಬೇಕು ಅಂತ ತಿಳಿದಿದ್ದಾರೆ ಎಂದು ಆಕೆ ವಿವರಿಸಿದಳು. ಕಾಕೂಗೆ ನಗು ಬಂತು. ಬಂದದ್ದನ್ನು ಅವರು ಬಹಳ ಪ್ರಯತ್ನಪಟ್ಟು ತಡೆದದ್ದು ನಮಗೆಲ್ಲ ಕಂಡಿತು. ಆದರೆ ಮಾಸ್ತರರಿಗೆ ಕೊಟ್ಟ ಮಾತು ಕೊಟ್ಟಂತೆಯೇ ಎಂದರು. ಹಿತ್ತಲಲ್ಲಿ ಇದ್ದಲಿ ಇಡುವ ಖೋಲಿ ಇದೆ, ಮೂಲೆಯಲ್ಲಿ ಸೋರುತ್ತದೆ, ಬೇರೆ ಜಾಗ ಆಗುವವರೆಗೆ ಇರಬಹುದು. ಆಮೇಲೆ ಕನ್ನಡಕ ಸರಿಮಾಡಿಕೊಂಡು ನನ್ನನ್ನೇ ನೋಡುತ್ತ, ಒಂದೇ ಸಲ ಕೇಳುತ್ತೇನೆ, ಬೇಕೋ ಬೇಡವೋ ಎಂದರು.

"ಹವೀ" ಎಂದೆ. ಬೇಕು! ಅದು ನಾನು ಅಂದುಕೊಂಡದ್ದಕ್ಕಿಂತ ಎಷ್ಟೋ ಜೋರಾಗಿ ಬಂತು. ಮಾಳಿಗೆಯ ಬಿಡಾರಗಳಿಂದ ಇಬ್ಬರು ಹೆಂಗಸರು ಕೆಳಗೆ ಇಣುಕಿದರು. ಮಾವನವರು ಅಳಿಯನ ಈ ನಿರ್ಲಜ್ಜತೆಯನ್ನು ನೋಡಲಾರದೆ ಅತ್ತ ತಿರುಗಿದರು. ಅವರಿಗೆ ಚಹಾ ಬಂತು, ಕುಡಿದರು.

ಆ ಖೋಲಿಯನ್ನು ಸ್ವಚ್ಛ ಮಾಡಲು ಇಡೀ ದಿನ ಹಿಡಿಯಿತು. ಆಕೆ ಸೆರಗು ಸೊಂಟಕ್ಕೆ ಕಟ್ಟಿ ಗೋಡೆ ತೊಳೆದಳು, ನಾನು ಇದ್ದಲಿ ಚೀಲ ಹೊತ್ತೆ. ತೊಳೆದಷ್ಟೂ ನೀರು ಕಪ್ಪಗೇ ಹರಿಯಿತು. ಮಧ್ಯಾಹ್ನ ಮಳೆ ಬಂದು, ಕಾಕೂ ಹೇಳಿದ ಮೂಲೆಯ ಜತೆಗೆ ಅವರು ಹೇಳದ ಇನ್ನೊಂದು ಮೂಲೆಯೂ ಸೋರಿತು. ಮಾವನವರು ಟ್ರಂಕಿನ ಮೇಲೆ ಕೂತು ಇದನ್ನೆಲ್ಲ ನೋಡಿ, ನನ್ನನ್ನು ಹೊರಗೆ ಕರೆದರು.

"ಅಳಿಯಂದ್ರ, ಸಿಟ್ಟಾಗಬ್ಯಾಡ್ರಿ. ಗುರ್ತು ಪರಿಚಯ ಇಲ್ಲದ ಊರಾಗ, ಇಂಥಾ ಕೋಣ್ಯಾಗ ಹುಡುಗಿನ್ನ ಹ್ಯಾಂಗ ಬಿಟ್ಟು ಹೋಗ್ಲಿ? ಸಂಜಿ ಗಾಡಿಗೆ ಕರ್ಕೊಂಡು ಹೋಗ್ತೀನಿ. ಛಲೋ ಮನಿ ಆದ ಮ್ಯಾಲೆ ನೀವ ಬಂದು ಕರ್ಕೊಂಡು ಬರ್ರಿ."

ಅವರ ಮಾತಿನಲ್ಲಿ ತಪ್ಪೇನಿರಲಿಲ್ಲ. ನನ್ನ ಮಗಳಾಗಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ಒಳಗೆ ಬಂದು ನೋಡಿದರೆ ಆಕೆಗೆ ಎಲ್ಲ ಕೇಳಿಸಿತ್ತು. ತಂದೆಗೆ ಎದುರಾಡುವ ಪೈಕಿ ಅಲ್ಲ ಆಕೆ. ಬೆಳಿಗ್ಗೆ ಅಷ್ಟು ಮಾತಾಡಿದ್ದೇ ಆಯುಷ್ಯಕ್ಕಾಗುವಷ್ಟಾಗಿತ್ತು. ಸುಮ್ಮನೆ ಕೈತೊಳೆದುಕೊಂಡು, ಆಗತಾನೆ ಬಿಚ್ಚಿದ್ದ ಹಾಸಿಗೆಯನ್ನು ಮತ್ತೆ ಸುತ್ತತೊಡಗಿದಳು. ನಾನು ಬಾಗಿಲಲ್ಲಿ ನಿಂತೆ. ಇನ್ನೊಂದು ಒಂದೂವರೆ ವರ್ಷದ ಕಾರ್ಡುಗಳು ನನ್ನ ಕಣ್ಣ ಮುಂದೆ ಬಂದವು. ದುಃಖ ಉಕ್ಕಿ ಬಂತು, ಅಳಲು ಗಂಡಸರಿಗೆ ಸಂಕೋಚ ಎಂದು ಒಂದು ಇದ್ದಲಿ ಚೀಲವನ್ನು ಸುಮ್ಮನೆ ಈ ಕಡೆಯಿಂದ ಆ ಕಡೆಗೆ ಇಟ್ಟೆ.

ದೀಪ ಹಚ್ಚುವ ಹೊತ್ತಿಗೆ ಟಾಂಗಾ ಬಂದು ನಿಂತಿತು. ಮಾವನವರು ಕೋಟು ಹಾಕಿಕೊಂಡು ರುಮಾಲು ಸುತ್ತಿಕೊಂಡಿದ್ದರು. ಆಗ ಯಮುನಾಕಾಕೂ ಒಂದು ಕೈಯಲ್ಲಿ ಕಂದೀಲು, ಇನ್ನೊಂದು ಕೈಯಲ್ಲಿ ತಾಟು ಹಿಡಿದು ಹಿತ್ತಲಿಗೆ ಬಂದರು. ತಾಟಿನಲ್ಲಿ ಬಿಸಿ ಥಾಲಿಪೀಠ, ಮೇಲೆ ಬೆಣ್ಣೆ. ಟ್ರಂಕು ಕಟ್ಟಿದ್ದನ್ನು ಅವರು ನೋಡಿದರೋ ಇಲ್ಲವೋ ತಿಳಿಯಲಿಲ್ಲ. ಬೆಳಗಿನಿಂದ ದುಡಿದಿದ್ದೀಯ, ತಿನ್ನು ಎಂದು ಆಕೆಗೆ ಹಿಡಿದರು.

ಮನೆ ಬೇಕೆಂದು ಬೆಳಿಗ್ಗೆ ಅಷ್ಟು ನೆಟ್ಟಗೆ ಕೇಳಿದವಳು, ತಿನ್ನುವ ಮಾತು ಬಂದೊಡನೆ ತಲೆ ತಗ್ಗಿಸಿ, ಬೇಡ ಎಂದಳು. ಆಕೆಗೂ ಚಿವುಟುವ ತಾಯಿ ಇದ್ದಳಲ್ಲ.

ಕಾಕೂ ಸರಿ ಎಂದು ತಿರುಗಿದರು. ಎರಡು ಹೆಜ್ಜೆ ಹೋದರು. ಅಲ್ಲಿಯೇ ನಿಂತರು. ಏನೋ ನೆನಪು ಮಾಡಿಕೊಂಡವರಂತೆ ತಾಟನ್ನು ನೋಡಿದರು, ಮತ್ತೆ ಬಂದರು. "ದೋನ" ಎಂದು ತಾಟು ಮುಂದೆ ಹಿಡಿದರು. ಎರಡು.

ಆಕೆಗೆ ಏನು ಮಾಡಬೇಕೋ ತಿಳಿಯಲಿಲ್ಲ. ನಾಲಿಗೆ ತನ್ನ ರೂಢಿಯಂತೆ ಇನ್ನೊಮ್ಮೆ ಬೇಡವೆಂದಿತು.

"ತೀನ" ಎಂದು ಕಾಕೂ ತಾಟನ್ನು ಆಕೆಯ ಕೈಯಲ್ಲಿ ಇಟ್ಟೇಬಿಟ್ಟರು. ಮೂರು ಸಲ ಕೇಳುವಷ್ಟರಲ್ಲಿ ನಿಮ್ಮೂರಲ್ಲಿ ಅಡಿಗೆ ಆರುವುದಿಲ್ಲವೇ ಎಂದು ಗದರಿದರು. ಆಕೆ ನಗುತ್ತ ನಗುತ್ತ ಅತ್ತುಬಿಟ್ಟಳು. ಕಾಕೂ ಆಕೆಯ ತಲೆಯ ಮೇಲೆ ಒಂದು ಸಲ ಕೈಯಿಟ್ಟು, ಕಂದೀಲನ್ನು ನಮ್ಮ ಬಾಗಿಲಲ್ಲೇ ಬಿಟ್ಟು, ಕತ್ತಲಾಗುತ್ತಿದ್ದ ಅಂಗಳ ದಾಟಿ ಹೋದರು.

ಮಾವನವರು ಕೋಟಿನ ಗುಂಡಿ ಹಾಕಿಕೊಂಡು, ಟಾಂಗಾದವನಿಗೆ ಒಬ್ಬನದೇ ಸವಾರಿ ಎಂದು ಹೇಳಿ ಬರ್ರಿ ಎಂದು ನನಗೆ ಅಂದರು.

"ಮೂರು ಸಲ ಉಣ್ಣು ಅನ್ನಾವ್ರು ಇದ್ದಲ್ಲೆ ಹುಡುಗಿ ಇರ್ಲಿ."

ಗಂಡ ಇದ್ದಲ್ಲಿ ಇರಲಿ ಎಂದು ಅವರು ಹೇಳಲಿಲ್ಲ. ಹಾಗೆ ಹೇಳಿಸಿಕೊಳ್ಳುವಂಥದ್ದನ್ನು ಆ ದಿನ ನಾನು ಮಾಡಿರಲೂ ಇಲ್ಲ.